ಕಮ್ಮಿ ರೇಟಿನ ರಿಫ್ಲೆಕ್ಸ್ ಸೈಟ್: ಆರಿಸೋದು, ಕೂರಿಸೋದು, ಝೀರೋ ಮಾಡೋದು

ರೈಫಲ್ ಮೇಲೆ ಕೂರಿಸಿ ಗಾಜಲ್ಲಿ ಕಾಣೋ ಕೆಂಪು ಚುಕ್ಕಿಯಿಂದ ಗುರಿ ಹಿಡಿಯೋ ರಿಫ್ಲೆಕ್ಸ್ ಸೈಟ್, ಅಂದ್ರೆ ರೆಡ್ ಡಾಟ್, ನೂರು ಡಾಲರಿಂದು ಸಾಕಾ, ಇಲ್ಲಾ ಐನೂರು ಸುರೀಲೇಬೇಕಾ? ಇಲ್ಲಿ ಟೆಕ್ಸಾಸಲ್ಲಿ ಹೊಸದಾಗಿ ರೈಫಲ್ ತಗೊಂಡ ನಮ್ಮ ಕಡೆಯವರು ಮೊದ್ಲು ಕೇಳೋದೇ ಇದು. ಶನಿವಾರ ಭಾನುವಾರ ರೇಂಜಿಗೆ ಹೋಗಿ ಪೇಪರ್ ಟಾರ್ಗೆಟ್ಟಿಗೋ ಸ್ಟೀಲ್ ಪ್ಲೇಟಿಗೋ ಹೊಡ್ಕೊಂಡು ಬರೋರಿಗೆ ನೂರು ನೂರೈವತ್ತು ಧಾರಾಳ ಸಾಕು. ಆದ್ರೆ ಒಂದು ಷರತ್ತು, ಡಬ್ಬಿ ಒಡೆದ ದಿನದಿಂದ್ಲೇ ಅದನ್ನ ನಂಬಬಾರದು, ರಿಟರ್ನ್ ಮಾಡೋ ಗಡುವು ಮುಗಿಯೋದ್ರೊಳಗೆ ಚೆನ್ನಾಗಿ ದಂಡಿಸಿ ನೋಡ್ಬೇಕು. ದುಬಾರಿ ಸೈಟಲ್ಲಿ ಆ ಪರೀಕ್ಷೆ ಬಹುಪಾಲು ಫ್ಯಾಕ್ಟರಿಲೇ ಆಗಿರತ್ತೆ, ಅಗ್ಗದ್ರಲ್ಲಿ ಅದು ನಮ್ಮ ತಲೆಗೆ ಬರತ್ತೆ.

ಉದಾಹರಣೆಗೆ ಎಲ್ಲಾ ಕಡೆ ರೂಗರ್ 10/22 ಇಟ್ಕೊಂಡೇ ಬರೀತೀನಿ. 1964ರಿಂದ ಬರ್ತಿರೋ .22 ರೈಫಲ್ ಅದು, ಗುಂಡು ಅಗ್ಗ, ಕಿಕ್ ಇಲ್ಲ, ಕಲಿಯೋರ ಕೈಲಿ ಜಾಸ್ತಿ ಕಾಣೋದೂ ಅದೇ. ಎಆರ್-15 ಅನ್ನೋ ದೊಡ್ಡ ರೈಫಲ್ ಇರೋರಿಗೆ ಎಲ್ಲಿ ಬೇರೆ ಆಗತ್ತೋ ಅಲ್ಲಿ ಹೇಳ್ತೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು, ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರೋರು ಅಮೆರಿಕಾದ ಫೆಡರಲ್ ಕಾನೂನಿನ ಪ್ರಕಾರ ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ, ಚಾಲ್ತಿಲಿರೋ ಹಂಟಿಂಗ್ ಲೈಸೆನ್ಸ್ ಥರ ಕೆಲವು ವಿನಾಯಿತಿ ಬಿಟ್ರೆ. ಗ್ರೀನ್ ಕಾರ್ಡ್ ಬಂದ್ಮೇಲೆ ಕಥೆ ಬೇರೆ. ಸ್ನೇಹಿತರು ತಗೊಂಡ್ರು ಅಂತ ನೀವೂ ಹೋಗಿ ಅಂಗಡಿ ಫಾರ್ಮ್ ತುಂಬಿಸ್ಬೇಡಿ, ಮೊದ್ಲು ನಿಮ್ಮ ಸ್ಟೇಟಸ್ ನೋಡ್ಕೊಳ್ಳಿ.

ಒಳಗೆ ಏನಿದೆ

ರಿಫ್ಲೆಕ್ಸ್ ಸೈಟ್ ಅಂದ್ರೆ ಒಂದು ಸಣ್ಣ ಎಲ್‌ಇಡಿ, ಅದರ ಮುಂದೆ ಒಂಚೂರು ಬಾಗಿರೋ ಗಾಜು. ಗಾಜಿನ ಮೇಲಿನ ಲೇಪನ ಕೆಂಪು ಬೆಳಕನ್ನ ಮಾತ್ರ ನಮ್ಮ ಕಣ್ಣಿನ ಕಡೆಗೆ ವಾಪಸ್ ಕಳಿಸತ್ತೆ, ಬೇರೆ ಬಣ್ಣ ಎಲ್ಲಾ ಆಚೆಯಿಂದ ನೇರ ಬರತ್ತೆ, ಅದಕ್ಕೇ ಆ ಗಾಜಿನಲ್ಲಿ ನೋಡಿದ್ರೆ ಹೊರಗಿನ ದೃಶ್ಯ ಸ್ವಲ್ಪ ನೀಲಿ ಇಲ್ಲಾ ಹಸಿರು ಛಾಯೆ ಹೊಡೆಯತ್ತೆ. ಅಗ್ಗದ ಸೈಟಲ್ಲಿ ಈ ಛಾಯೆ ಜಾಸ್ತಿ, ಅದೇನು ದೊಡ್ಡ ದೋಷ ಅಲ್ಲ. ಎಲ್‌ಇಡಿ ಬೆಳಕು ಸಮಾನಾಂತರವಾಗಿ ಬರೋದ್ರಿಂದ ಚುಕ್ಕಿ ಗಾಜಿನ ಮೇಲೆ ಅಂಟಿಕೊಂಡ ಹಾಗೆ ಕಾಣಲ್ಲ, ದೂರದಲ್ಲಿ ಟಾರ್ಗೆಟ್ ಮೇಲೇ ಕೂತ ಹಾಗೆ ಕಾಣತ್ತೆ. ಹಿಂದಿನ ಸೈಟು, ಮುಂದಿನ ಸೈಟು, ಟಾರ್ಗೆಟ್ಟು ಅಂತ ಮೂರನ್ನ ಸಾಲಾಗಿ ಹೊಂದಿಸೋ ಕಷ್ಟ ತಪ್ಪತ್ತೆ. ಕಣ್ಣು ಗಾಜಿಗೆ ಎಷ್ಟು ಹತ್ರ ಇರ್ಬೇಕು ಅನ್ನೋ ಲೆಕ್ಕಾನೂ ಇಲ್ಲ.

ಐಡಿಯಾ ಹೊಸದೇನಲ್ಲ, ಐರ್ಲೆಂಡಿನ ಹೊವರ್ಡ್ ಗ್ರಬ್ ಅನ್ನೋರು 1900ರಲ್ಲೇ ಪೇಟೆಂಟ್ ಮಾಡಿದ್ರು. ಎಲ್‌ಇಡಿ ಹಾಕಿ ಮೊದ್ಲು ಮಾರಾಟಕ್ಕೆ ತಂದಿದ್ದು ಸ್ವೀಡನ್ನಿನ ಏಮ್‌ಪಾಯಿಂಟ್, 1975ರಲ್ಲಿ. ಇವತ್ತು ನೂರು ಡಾಲರಿಗೆ ಸಿಗೋದು ಹೆಚ್ಚೂಕಮ್ಮಿ ಅದೇ ತತ್ವ.

ಮೊದ್ಲು ನಿಮ್ಮ ಕಣ್ಣು ನೋಡ್ಕೊಳ್ಳಿ

ಇದನ್ನ ಬಿಟ್ಟು ಎಲ್ಲಾ ಬ್ರಾಂಡ್ ಚರ್ಚೆ ಮಾಡ್ತಾರೆ. ಅಸ್ಟಿಗ್ಮ್ಯಾಟಿಸಂ ಇರೋರಿಗೆ, ಅಂದ್ರೆ ಕನ್ನಡಕದ ಚೀಟಿಲಿ ಸಿಲಿಂಡರ್ ನಂಬರ್ ಇರೋರಿಗೆ, ಎಂಥಾ ಸೈಟ್ ಕೊಟ್ರೂ ಚುಕ್ಕಿ ದುಂಡಗೆ ಕಾಣಲ್ಲ, ಒದ್ದೆ ನೆಲದ ಮೇಲಿಟ್ಟ ರಂಗೋಲಿ ಚುಕ್ಕಿ ಹರಡಿಕೊಂಡ ಹಾಗೆ ಒಂದು ಕಡೆಗೆ ಬಾಲ ಬಿಟ್ಕೊಂಡು ಕಾಣತ್ತೆ. ಸೈಟ್ ಕೆಟ್ಟಿದೆ ಅಂತ ವಾಪಸ್ ಕಳಿಸಿ ಇನ್ನೊಂದು ತರಿಸಿ ಅದೂ ಹಾಗೇ ಕಂಡು ತಲೆ ಕೆಡಿಸ್ಕೊಂಡೋರು ಬೇಕಾದಷ್ಟು ಜನ ಇದಾರೆ.

ಪರೀಕ್ಷೆ ಸುಲಭ. ಅಂಗಡಿಲೇ ಸೈಟ್ ಆನ್ ಮಾಡಿ, ಗಾಜಿನ ಹಿಂದೆ ಫೋನ್ ಕ್ಯಾಮೆರಾ ಹಿಡಿದು ಫೋಟೋ ತೆಗೀರಿ. ಫೋಟೋದಲ್ಲಿ ಚುಕ್ಕಿ ದುಂಡಗಿದ್ದು ನಿಮ್ಮ ಕಣ್ಣಿಗೆ ಮಾತ್ರ ಬಾಲ ಕಂಡ್ರೆ ತೊಂದ್ರೆ ಕಣ್ಣಿಂದು. ಇನ್ನೊಂದು ದಾರಿ, ತಲೆ ಅಲ್ಲಾಡಿಸ್ದೆ ಸೈಟನ್ನ ಮಾತ್ರ ನಿಧಾನಕ್ಕೆ ತಿರುಗಿಸಿ, ಬಾಲ ಸೈಟ್ ಜೊತೆ ತಿರುಗಿದ್ರೆ ಸೈಟ್ ದೋಷ, ಬಾಲ ಇದ್ದಲ್ಲೇ ಇದ್ರೆ ನಿಮ್ಮ ಕಣ್ಣಿನ ದೋಷ. ಕನ್ನಡಕ ಹಾಕ್ಕೊಂಡು ಸರಿ ಹೋದ್ರೆ ಮುಗೀತು. ಸರಿ ಹೋಗ್ಲಿಲ್ಲ ಅಂದ್ರೆ ಬೆಳಕು ಕಮ್ಮಿ ಮಾಡಿ ನೋಡಿ, ಕೆಲವರಿಗೆ ಹಸಿರು ಚುಕ್ಕಿ ಚೂಪಾಗಿ ಕಾಣತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ರಿಫ್ಲೆಕ್ಸ್ ಬಿಟ್ಟು ಪ್ರಿಸಂ ಸೈಟ್ ನೋಡಿ, ಅದ್ರಲ್ಲಿ ಗುರುತನ್ನ ಗಾಜಿನ ಮೇಲೇ ಕೊರೆದಿರ್ತಾರೆ. ಬೆಲೆ ಸ್ವಲ್ಪ ಜಾಸ್ತಿ, ಕಣ್ಣನ್ನ ಒಂದು ನಿಗದಿ ದೂರದಲ್ಲೇ ಇಡ್ಬೇಕಾಗತ್ತೆ, ಆದ್ರೆ ಬಾಲ ಕಾಟ ಇಲ್ಲ.

ಆರಿಸೋವಾಗ ಏನು ನೋಡ್ಬೇಕು

ಮೊದಲನೇದು ತೆರೆದ ಬಗೆಯೋ ಮುಚ್ಚಿದ ಬಗೆಯೋ ಅನ್ನೋದು. ತೆರೆದಿದ್ರಲ್ಲಿ ಒಂದೇ ಗಾಜು ನಿಂತಿರತ್ತೆ, ಎಲ್‌ಇಡಿ ಹಿಂದೆ ಬಯಲಿಗೇ ಇರತ್ತೆ, ಹಗುರ, ಕಣ್ಣಿಗೆ ಅಡ್ಡ ಬರಲ್ಲ, ಆದ್ರೆ ಒಂದು ಮಳೆಹನಿ ಆ ಎಲ್‌ಇಡಿ ಮೇಲೆ ಕೂತ್ರೆ ಚುಕ್ಕಿ ಮಾಯ, ಇಲ್ಲಾ ಹತ್ತು ಚುಕ್ಕಿ. ಮುಚ್ಚಿದ್ದು ಸಣ್ಣ ಕೊಳವೆ ಥರ, ಎರಡೂ ಕಡೆ ಗಾಜು, ಧೂಳು ನೀರು ಒಳಗೆ ಹೋಗಲ್ಲ. ಅಗ್ಗದ್ದು ತಗೊಳ್ಳೋದಾದ್ರೆ ಕಣ್ಣು ಮುಚ್ಕೊಂಡು ಕೊಳವೆ ಬಗೆಯದ್ದೇ ತಗೊಳ್ಳಿ ಅಂತ ನಾನು ಹೇಳೋದು, ತೆರೆದ ಸೈಟಲ್ಲಿ ದುಡ್ಡು ಉಳಿಸಿದ್ರೆ ಅದು ಬೇಗ ಗೊತ್ತಾಗತ್ತೆ.

ಎರಡನೇದು ಚುಕ್ಕಿ ಗಾತ್ರ. ಇದನ್ನ ಎಂಒಎ ಅನ್ನೋ ಅಳತೆಲಿ ಹೇಳ್ತಾರೆ, ಒಂದು ಎಂಒಎ ಅಂದ್ರೆ 100 ಯಾರ್ಡ್ ದೂರದಲ್ಲಿ ಸುಮಾರು ಒಂದು ಇಂಚ್, 50 ಯಾರ್ಡಲ್ಲಿ ಅರ್ಧ ಇಂಚ್, 25ರಲ್ಲಿ ಕಾಲು ಇಂಚ್. ಈ ಲೆಕ್ಕ ತಲೇಲಿಟ್ಕೊಳ್ಳಿ, ಝೀರೋ ಮಾಡೋವಾಗ, ಅಂದ್ರೆ ಚುಕ್ಕಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಸೈಟ್ ಹೊಂದಿಸೋವಾಗ, ಇದೇ ಬೇಕು. 2 ಎಂಒಎ ಚುಕ್ಕಿ 50 ಯಾರ್ಡಲ್ಲಿ ಒಂದಿಂಚ್ ಜಾಗ ಮುಚ್ಚತ್ತೆ, 6 ಎಂಒಎ ಮೂರಿಂಚ್ ಮುಚ್ಚತ್ತೆ. ರೈಫಲಿಗೆ 2 ಇಲ್ಲಾ 3 ಸರಿ. ದೊಡ್ಡ ಚುಕ್ಕಿ ಬೇಗ ಕಣ್ಣಿಗೆ ಬೀಳತ್ತೆ ನಿಜ, ಆದ್ರೆ ಸಣ್ಣ ಟಾರ್ಗೆಟ್ ಅದರ ಹಿಂದೆ ಅಡಗಿ ಹೋಗತ್ತೆ.

ಮೂರನೇದು ಬ್ಯಾಟರಿ, ಇದ್ರಲ್ಲಿ ಜಾಹೀರಾತು ಜಾಸ್ತಿ. "50,000 ಗಂಟೆ" ಅಂತ ಬರೆದಿರ್ತಾರೆ, ಲೆಕ್ಕ ಹಾಕಿದ್ರೆ ಐದೂವರೆ ವರ್ಷದ ಮೇಲಾಯ್ತು, ಆದ್ರೆ ಅದು ಮಧ್ಯಮ ಬೆಳಕಿನ ಲೆಕ್ಕ, ಟೆಕ್ಸಾಸ್ ಮಧ್ಯಾಹ್ನದ ಬಿಸಿಲಿಗೆ ಫುಲ್ ಇಟ್ರೆ ಅಷ್ಟು ಬರಲ್ಲ. ಇದಕ್ಕಿಂತ ಮುಖ್ಯ ಏನಂದ್ರೆ ಅಲುಗಾಡಿಸಿದ್ರೆ ತಾನಾಗೇ ಹೊತ್ಕೊಂಡು, ಸುಮ್ನಿಟ್ರೆ ಆಫ್ ಆಗೋ ವ್ಯವಸ್ಥೆ ಇದೆಯಾ ಅನ್ನೋದು. ಸಿಗ್ ಸಾವರ್ ರೋಮಿಯೋ5ರಲ್ಲಿ ಇದೆ, ಹೋಲೋಸನ್ 403ಬಿಲಿ ಇದೆ, ಎರಡೂ 2 ಎಂಒಎ, ಮಾಮೂಲಿ ಸಿಆರ್2032 ಬ್ಯಾಟರಿ. ಬುಶ್‌ನೆಲ್ ಟಿಆರ್‌ಎಸ್-25 ಇನ್ನೂ ಅಗ್ಗ, 3 ಎಂಒಎ, ಆದ್ರೆ ಅದು ತಿರುಗಣೆ ಸ್ವಿಚ್ಚಿಂದು, ಆಫ್ ಮಾಡೋದು ಮರೆತ್ರೆ ಮುಂದಿನ ಸಲ ರೇಂಜಿಗೆ ಹೋದಾಗ ಚುಕ್ಕಿ ಇರಲ್ಲ. .22ಗೆ ಮಾತ್ರ ಅಂದ್ರೆ ಅದೂ ನಡಿಯತ್ತೆ. ವಾರಂಟಿ ಮುಖ್ಯ ಅನ್ನೋರು ವೊರ್ಟೆಕ್ಸ್ ಕ್ರಾಸ್‌ಫೈರ್ ನೋಡಿ, ಅವ್ರದ್ದು ಜೀವಮಾನದ ವಾರಂಟಿ, ಬಿಲ್ ಕೇಳಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡಿದ್ರೂ ಅನ್ವಯಿಸತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇದು ಒಳ್ಳೆ ಅನುಕೂಲ.

ಮೂವತ್ತು ಡಾಲರಿಗೆ ಸಿಗೋ ದೊಡ್ಡ ಹೆಸರಿನ ನಕಲಿಗಳನ್ನ ಮುಟ್ಟಬೇಡಿ. ನೋಡೋಕೆ ಥೇಟ್ ಅಸಲಿ ಥರಾನೇ ಇರತ್ತೆ, ಆಟಿಕೆ ಏರ್‌ಸಾಫ್ಟ್ ಗನ್ನಿಗೆ ಅಂತ ಮಾಡಿರೋದು, ಒಳಗಿನ ಸ್ಪ್ರಿಂಗು ಒದೆತ ತಡ್ಕೊಳ್ಳಲ್ಲ. ಹಾಗಂತ ರೇಟ್ ಜಾಸ್ತಿ ಆದ್ರೆ ದೋಷಾನೇ ಇರಲ್ಲ ಅಂತಲೂ ಅಲ್ಲ. ಸೈನ್ಯಕ್ಕೆ ಹೋಲೋಗ್ರಾಫಿಕ್ ಸೈಟ್ ಮಾರ್ತಿದ್ದ ಇಓಟೆಕ್ಕಿನ ಮಾಲೀಕ ಕಂಪ್ನಿ 2015ರಲ್ಲಿ ಅಮೆರಿಕಾ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸ್ಕೊಳ್ತು, ಚಳಿ ಸೆಖೆಗೆ ಗುರಿ ಸರಿಯತ್ತೆ ಅನ್ನೋದು ಅದ್ರಲ್ಲಿದ್ದ ಆರೋಪ.

ಕೂರಿಸೋದು

ಜನ ಸೈಟಿಗೆ ಒಂದು ತಿಂಗಳು ರಿವ್ಯೂ ನೋಡ್ತಾರೆ, ಅದನ್ನ ರೈಫಲಿಗೆ ಹಿಡಿಸೋ ಮೌಂಟಿಗೆ ಒಂದು ನಿಮಿಷಾನೂ ಕೊಡಲ್ಲ. ಗುರಿ ತಪ್ಪೋದು ಸಾಮಾನ್ಯವಾಗಿ ಇಲ್ಲೇ.

ಮೊದ್ಲು ರೇಲ್, ಅಂದ್ರೆ ರೈಫಲ್ ಮೇಲೆ ಮೌಂಟ್ ಕೂರೋ ಪಟ್ಟಿ, ಯಾವ್ದು ಅಂತ ನೋಡಿ. ಪಿಕಟಿನಿ ರೇಲಲ್ಲಿ ಅಡ್ಡ ಕಚ್ಚಿನ ಅಗಲ 5.2 ಮಿಲಿಮೀಟರ್, ಸಮ ಅಂತರದಲ್ಲಿ ಇರತ್ತೆ. ವೀವರ್ ರೇಲಿನ ಕಚ್ಚು ಸ್ವಲ್ಪ ಕಿರಿದು, ಸುಮಾರು 4.6. ಅದಕ್ಕೇ ವೀವರ್ ಮೌಂಟ್ ಪಿಕಟಿನಿ ಮೇಲೆ ಕೂರತ್ತೆ, ಪಿಕಟಿನಿ ಮೌಂಟಿನ ಅಡ್ಡ ಬೋಲ್ಟ್ ವೀವರ್ ಕಚ್ಚಿಗೆ ಹಿಡಿಯದೆ ಹೋಗ್ಬಹುದು. 10/22 ಡಬ್ಬಿಲಿ ಬರೋ ಬೇಸ್, ಅಂದ್ರೆ ಬಿಡಿ ರೇಲ್, ವೀವರ್ ಥರದ್ದು, ರಿಸೀವರ್ (ರೈಫಲಿನ ನಡುಭಾಗ) ಮೇಲಿರೋ ನಾಲ್ಕು ತೂತಿಗೆ ಸ್ಕ್ರೂ ಹಾಕಿ ಕೂರಿಸೋದು. ನಿಮ್ಮ ಸೈಟಿನ ಬೋಲ್ಟ್ ಹಿಡಿಯಲ್ಲ ಅಂದ್ರೆ ಫೈಲ್ ಹಾಕಿ ಉಜ್ಜಕ್ಕೆ ಹೋಗ್ಬೇಡಿ, ಇಪ್ಪತ್ತು ಮೂವತ್ತು ಡಾಲರಿಗೆ 10/22ಗೇ ಅಂತ ಪಿಕಟಿನಿ ಬೇಸ್ ಸಿಗತ್ತೆ.

ಎತ್ತರ ಇನ್ನೊಂದು ವಿಚಾರ. ರೋಮಿಯೋ5 ಡಬ್ಬಿಲಿ ಎರಡು ಮೌಂಟ್ ಕೊಡ್ತಾರೆ, ಒಂದು ಗಿಡ್ಡ ಒಂದು ಎತ್ತರ. ಎಆರ್-15ರ ಸ್ಟಾಕ್, ಅಂದ್ರೆ ಹೆಗಲಿಗೆ ಊರೋ ಹಿಂಭಾಗ, ನೇರ ಇರೋದ್ರಿಂದ ಅದಕ್ಕೆ ಎತ್ತರದ್ದು ಬೇಕು. 10/22 ಸ್ಟಾಕ್ ಕೆಳಕ್ಕೆ ಬಾಗಿರತ್ತೆ, ಅದಕ್ಕೆ ಗಿಡ್ಡದ್ದೇ ಸರಿ, ಎತ್ತರದ್ದು ಹಾಕಿದ್ರೆ ಕೆನ್ನೆ ಸ್ಟಾಕಿಗೆ ತಾಗದೆ ಗದ್ದ ಊರ್ಕೊಂಡು ನೋಡೋ ಹಾಗಾಗತ್ತೆ.

ಈಗ ಕೆಲಸ. ಮ್ಯಾಗಝೀನ್ ತೆಗೀರಿ, ರೈಫಲಿನ ಬೋಲ್ಟ್ ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರೋ ಜಾಗ) ಖಾಲಿ ಇದೆಯಾ ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ, ಗುಂಡಿನ ಡಬ್ಬಿನ ಬೇರೆ ರೂಮಲ್ಲಿಡಿ. ಸ್ಕ್ರೂ ತೂತುಗಳಲ್ಲಿ ಎಣ್ಣೆ ಇದ್ರೆ ಆಲ್ಕೋಹಾಲಲ್ಲಿ ಒರೆಸಿ. ಬೇಸ್ ಸ್ಕ್ರೂಗಳಿಗೆ ಸ್ಕ್ರೂ ಸಡ್ಲ ಆಗದ ಹಾಗೆ ಹಿಡಿಯೋ ನೀಲಿ ಥ್ರೆಡ್‌ಲಾಕರ್ ಅಂಟು ಒಂದೊಂದು ಹನಿ ಸಾಕು, ಕೆಂಪು ಬೇಡ, ಅದು ಬಿಸಿ ಮಾಡ್ದೆ ಬಿಡಲ್ಲ. ಆಮೇಲೆ ಸೈಟನ್ನ ರೇಲ್ ಮೇಲಿಟ್ಟು ಮೌಂಟಿನ ಬೋಲ್ಟ್ ಅರ್ಧ ಬಿಗಿ ಮಾಡಿ, ಸೈಟನ್ನ ಬ್ಯಾರಲ್ ತುದಿ ಕಡೆಗೆ ಒತ್ತಿ ಹಿಡ್ಕೊಂಡು ಪೂರ್ತಿ ಬಿಗಿ ಮಾಡಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಹೋಗತ್ತೆ, ಸೈಟ್ ಇದ್ದಲ್ಲೇ ಇರೋಕೆ ನೋಡತ್ತೆ, ಮುಂಚೆನೇ ಮುಂದಿನ ಅಂಚಿಗೆ ತಾಗ್ಸಿಟ್ರೆ ಜರುಗೋಕೆ ಜಾಗಾನೇ ಇರಲ್ಲ. ಎಷ್ಟು ಬಿಗಿ ಅನ್ನೋದು ಮ್ಯಾನ್ಯುಯಲಲ್ಲಿ ಇಂಚ್-ಪೌಂಡ್ ಲೆಕ್ಕದಲ್ಲಿ ಬರೆದಿರ್ತಾರೆ, ಟಾರ್ಕ್ ಸ್ಕ್ರೂಡ್ರೈವರ್ ಇಲ್ದೋರು ರೇಂಜಲ್ಲಿ ಯಾರ್ನಾದ್ರೂ ಕೇಳಿ, ಕೊಡ್ತಾರೆ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿಗೆ ಸೇರೋ ಹಾಗೆ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೀರಿ, ಗೆರೆ ಮುರಿದಿದ್ರೆ ಸ್ಕ್ರೂ ಸಡ್ಲ ಆಗಿದೆ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ.

ಬ್ಯಾಟರಿ ಹಾಕೋವಾಗ ಒಂದು ವಿಷ್ಯ. ಮಕ್ಕಳು ನುಂಗಬಾರದು ಅಂತ ಕೆಲವು ಕಾಯಿನ್ ಬ್ಯಾಟರಿಗೆ ಕಹಿ ಲೇಪನ ಹಾಕಿರ್ತಾರೆ, ಒಳ್ಳೇದೇ, ಆದ್ರೆ ಕೆಲವು ಸೈಟಲ್ಲಿ ಆ ಲೇಪನದಿಂದ ಕಾಂಟ್ಯಾಕ್ಟ್ ಸರಿಯಾಗಿ ಆಗಲ್ಲ. ಹೊಸಾ ಬ್ಯಾಟರಿ ಹಾಕಿದ್ರೂ ಚುಕ್ಕಿ ಮಿಣಮಿಣ ಅಂತಿದ್ರೆ ಬೇರೆ ಬ್ರಾಂಡ್ ಹಾಕಿ ನೋಡಿ. ಇನ್ನೊಂದು, ಕೆಲವು ಸೈಟಲ್ಲಿ ಕೆಳಗಿನ ಒಂದೆರಡು ಸೆಟ್ಟಿಂಗ್ ನೈಟ್ ವಿಷನ್ನಿಗೆ ಅಂತ ಇರತ್ತೆ, ಬರಿಗಣ್ಣಿಗೆ ಅದು ಕಾಣೋದೇ ಇಲ್ಲ. ಸತ್ತೋಗಿದೆ ಅಂತ ವಾಪಸ್ ಕಳ್ಸೋಕೆ ಮುಂಚೆ ಪ್ಲಸ್ ಬಟನ್ ನಾಲ್ಕೈದು ಸಲ ಒತ್ತಿ.

ಝೀರೋ ಮಾಡೋದು

.22ಗೆ 50 ಯಾರ್ಡ್ ಝೀರೋ ಅನುಕೂಲ, ಆದ್ರೆ ಶುರು ಮಾಡೋದು 10 ಯಾರ್ಡಿಂದ. ನೇರ 50ಕ್ಕೆ ಹೋದ್ರೆ ಗುಂಡು ಪೇಪರಿಗೇ ಬೀಳದೆ ಎಲ್ಲಿ ಹೋಯ್ತು ಅಂತ ಹುಡುಕ್ತಾ ಡಬ್ಬಿ ಖಾಲಿ ಆಗತ್ತೆ. ಬ್ಯಾರಲ್ ತುದಿಗೆ ಸಿಗಿಸೋ ಲೇಸರ್ ಬೋರ್‌ಸೈಟರ್ ಬಳಸೋರು ಗುಂಡು ತುಂಬೋ ಮೊದ್ಲು ಅದನ್ನ ಕಿತ್ತು ಬೆಂಚ್ ಮೇಲೆ ಕಣ್ಣೆದುರಿಗೆ ಇಡಿ, ಅದನ್ನ ಹಾಗೇ ಬಿಟ್ಟು ಹೊಡೆದ್ರೆ ಬ್ಯಾರಲ್ಲೇ ಸೀಳಬಹುದು.

ರೈಫಲ್ಲನ್ನ ಮರಳಿನ ಚೀಲದ ಮೇಲಿಟ್ಟು 10 ಯಾರ್ಡಲ್ಲಿ ಮೂರು ಗುಂಡು ಹೊಡೀರಿ. ಸೈಟ್ ಬ್ಯಾರಲ್ಲಿಗಿಂತ ಒಂದೂವರೆ ಇಂಚ್ ಮೇಲಿರೋದ್ರಿಂದ ಇಲ್ಲಿ ಗುಂಡು ಚುಕ್ಕಿಗಿಂತ ಮುಕ್ಕಾಲು ಇಂಚ್ ಹತ್ರ ಕೆಳಗೆ ಬೀಳ್ಬೇಕು, ಅದೇ ಸರಿ, ಅದನ್ನ ಮೇಲಕ್ಕೆ ತರೋಕೆ ಹೋಗ್ಬೇಡಿ. ಎಡ ಬಲ ಮಾತ್ರ ಸರಿ ಮಾಡ್ಕೊಳ್ಳಿ. ಆಮೇಲೆ 25ಕ್ಕೆ ಹೋಗಿ ಐದು ಗುಂಡು. ಐದರ ನಡುವಿನ ಜಾಗ ಗುರುತು ಮಾಡಿ, ಒಂದೇ ಗುಂಡು ನೋಡ್ಕೊಂಡು ಸ್ಕ್ರೂ ತಿರುಗಿಸೋದು ತಪ್ಪು, ಅದು ಕೈ ನಡುಕಾನೂ ಆಗಿರ್ಬಹುದು. ಗುಂಪು ಎರಡಿಂಚ್ ಕೆಳಗೆ ಒಂದಿಂಚ್ ಎಡಕ್ಕಿದೆ ಅಂದ್ಕೊಳ್ಳಿ. 25 ಯಾರ್ಡಲ್ಲಿ ಒಂದು ಎಂಒಎ ಅಂದ್ರೆ ಕಾಲು ಇಂಚ್, ಸೈಟಿನ ಸ್ಕ್ರೂ ತಿರುಗಿಸಿದಾಗ ಒಂದು ಕ್ಲಿಕ್ಕಿಗೆ ಒಂದು ಎಂಒಎ ಸರಿಯತ್ತೆ ಅಂದ್ರೆ ಮೇಲಕ್ಕೆ 8 ಕ್ಲಿಕ್, ಬಲಕ್ಕೆ 4 ಕ್ಲಿಕ್. ಕ್ಲಿಕ್ ಅರ್ಧ ಎಂಒಎ ಇದ್ರೆ ಎರಡರಷ್ಟು. ಬಾಣದ ಗುರುತು ತೋರ್ಸೋದು ಗುಂಡು ಬೀಳೋ ಜಾಗ ಎತ್ತ ಹೋಗತ್ತೆ ಅಂತ, ಚುಕ್ಕಿ ಅದರ ಉಲ್ಟಾ ಹೋಗೋದು ಕಾಣತ್ತೆ, ಗಾಬರಿ ಬೇಡ.

25ರಲ್ಲಿ ಸರಿಯಾದ್ಮೇಲೆ 50ಕ್ಕೆ ಹೋಗಿ ಇದೇ ಮತ್ತೊಂದು ಸಲ. 50ಕ್ಕೆ ಝೀರೋ ಆದ 40 ಗ್ರೇನ್ ತೂಕದ ಮಾಮೂಲಿ ಹೈ ವೆಲಾಸಿಟಿ .22 ಗುಂಡು 25ರಲ್ಲೂ ಹೆಚ್ಚೂಕಮ್ಮಿ ಚುಕ್ಕಿ ಮೇಲೇ ಬೀಳತ್ತೆ, 100 ಯಾರ್ಡಿಗೆ ಹೋದ್ರೆ ಆರೇಳು ಇಂಚ್ ಕೆಳಗೆ ಬೀಳತ್ತೆ. 5.56 ಗುಂಡು ಹಾರಿಸೋ ಎಆರ್-15ಕ್ಕೂ 50 ಯಾರ್ಡ್ ಝೀರೋನೇ ಚೆನ್ನಾಗಿರತ್ತೆ, ಅದು ಸುಮಾರು 200ರಲ್ಲಿ ಮತ್ತೆ ಚುಕ್ಕಿಗೆ ಬರತ್ತೆ. ಗುಂಡಿನ ಬ್ರಾಂಡ್ ಬದಲಾಯಿಸಿದ್ರೆ ಝೀರೋ ಮತ್ತೆ ನೋಡ್ಲೇಬೇಕು, .22ಲಂತೂ ಒಂದು ಡಬ್ಬಿಗೂ ಇನ್ನೊಂದಕ್ಕೂ ಆಕಾಶ ಭೂಮಿ ವ್ಯತ್ಯಾಸ ಇರತ್ತೆ.

ಗಡುವಿನೊಳಗೆ ದಂಡಿಸಿ ನೋಡೋದು

ಝೀರೋ ಆದ ದಿನಾನೇ ಚೌಕದ ಪರೀಕ್ಷೆ ಮಾಡಿ. 25 ಯಾರ್ಡಲ್ಲಿ ದೊಡ್ಡ ಪೇಪರ್ ಹಾಕಿ, ಒಂದೇ ಬಿಂದುಗೆ ಗುರಿ ಇಟ್ಟು ಮೂರು ಗುಂಡು, ಆಮೇಲೆ 20 ಕ್ಲಿಕ್ ಮೇಲೆ ಮೂರು ಗುಂಡು, 20 ಬಲಕ್ಕೆ ಮೂರು, 20 ಕೆಳಕ್ಕೆ ಮೂರು, 20 ಎಡಕ್ಕೆ ಮೂರು. ಕ್ಲಿಕ್ ಒಂದು ಎಂಒಎ ಇದ್ರೆ ಐದಿಂಚಿನ ಚೌಕ ಬರ್ಬೇಕು, ಕೊನೇ ಗುಂಪು ಮೊದಲನೇದ್ರ ಮೇಲೇ ಬೀಳ್ಬೇಕು. ಚೌಕ ಸೊಟ್ಟ ಆದ್ರೆ ಇಲ್ಲಾ ವಾಪಸ್ ಬರ್ಲಿಲ್ಲ ಅಂದ್ರೆ ಅವತ್ತೇ ಪ್ಯಾಕ್ ಮಾಡಿ ಕಳ್ಸಿ, ಕಂಪ್ನಿ ಜೊತೆ ವಾದ ಬೇಡ.

ಆಮೇಲೆ ಪ್ಯಾರಲ್ಯಾಕ್ಸ್, ಅಂದ್ರೆ ಕಣ್ಣು ಜರುಗಿದ್ರೆ ಟಾರ್ಗೆಟ್ ಮೇಲಿನ ಚುಕ್ಕಿನೂ ಜರುಗೋದು. ಖಾಲಿ ರೈಫಲ್ಲನ್ನ ಚೀಲದ ಮೇಲೆ ಭದ್ರವಾಗಿಟ್ಟು ಚುಕ್ಕಿನ 25 ಯಾರ್ಡಿನ ಟಾರ್ಗೆಟ್ ನಡುವಿಗೆ ತನ್ನಿ, ಗನ್ ಮುಟ್ಟದೆ ತಲೆ ಮಾತ್ರ ಮೇಲೆ ಕೆಳಗೆ ಅಕ್ಕಪಕ್ಕ ಆಡ್ಸಿ. "ಪ್ಯಾರಲ್ಯಾಕ್ಸ್ ಫ್ರೀ" ಅಂತ ಡಬ್ಬಿ ಮೇಲೆ ಬರೆದಿದ್ರೂ ಚುಕ್ಕಿ ಒಂಚೂರು ಅಲುಗಾಡೇ ಅಲುಗಾಡತ್ತೆ. 20 ಮಿಲಿಮೀಟರ್ ಗಾಜಿಗೆ ನಡುವಿಂದ ಹತ್ತು ಮಿಲಿಮೀಟರ್ ಆಚೀಚೆ ಸಹಜ, ಕಣ್ಣೇ ಅಷ್ಟು ಜರುಗಿರತ್ತಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಓಡಿದ್ರೆ ಒಳಗಿನ ಗಾಜು ಎಲ್‌ಇಡಿ ಹೊಂದಾಣಿಕೆ ಸರಿ ಇಲ್ಲ ಅಂತ ಅರ್ಥ.

ಇನ್ನು ಒಳಗೆ ಮಂಜು ಕಟ್ಟತ್ತಾ ನೋಡೋಕೆ ಸೈಟನ್ನ ಬಿಚ್ಚಿ ಒಂದು ಗಂಟೆ ಫ್ರಿಜ್ಜಲ್ಲಿಟ್ಟು ಹೊರಗೆ ತೆಗೀರಿ. ಹೊರಗಡೆ ಗಾಜು ಮಂಜಾಗೋದು ಸಹಜ, ಒರೆಸಿ. ಒಳಗಡೆ ಮಂಜಾಗಿದ್ರೆ ಸೀಲ್ ಸರಿಯಿಲ್ಲ. ಬಿಚ್ಚಿದ ಮೇಲೆ ವಾಪಸ್ ರೇಲಿನ ಅದೇ ಕಚ್ಚಿಗೆ ಕೂರಿಸಿ ಝೀರೋ ಎಷ್ಟು ಉಳ್ಕೊಂಡಿದೆ ಅಂತ ನೋಡಿ, ಒಂದೇ ಏಟಿಗೆ ಎರಡು ಪರೀಕ್ಷೆ ಆಯ್ತು. ಇದೆಲ್ಲಾ ಪಾಸಾದ್ರೆ ಒಂದಿನ್ನೂರು ಗುಂಡು ಸುಮ್ನೆ ಹೊಡೆದು, ಚುಕ್ಕಿ ನಡುವೆ ಆರಿ ಹತ್ತತ್ತಾ ಗಮನಿಸಿ, ಕೊನೆಗೆ ಮತ್ತೆ ಐದು ಗುಂಡಲ್ಲಿ ಝೀರೋ ನೋಡಿ.

ಬಳಸೋ ಅಭ್ಯಾಸ

ಎರಡೂ ಕಣ್ಣು ತೆರೆದಿರಲಿ, ನೋಟ ಟಾರ್ಗೆಟ್ ಮೇಲಿರಲಿ, ಚುಕ್ಕಿ ಮೇಲಲ್ಲ. ಚುಕ್ಕಿನೇ ದಿಟ್ಟಿಸಿದ್ರೆ ಟಾರ್ಗೆಟ್ ಮಸುಕಾಗತ್ತೆ, ಬೆಳಕನ್ನೂ ಸುಮ್ನೆ ಏರಿಸ್ತಾ ಹೋಗ್ತೀರಿ. ಬೆಳಕು ಎಷ್ಟು ಕಮ್ಮಿ ಇಟ್ರೂ ಚುಕ್ಕಿ ಸ್ಪಷ್ಟ ಕಾಣತ್ತೋ ಅಷ್ಟೇ ಇಡಿ. ಒಳಾಂಗಣ ರೇಂಜಲ್ಲಿ ಇಟ್ಟಿದ್ದು ಬಿಸಿಲಿಗೆ ಸಾಲಲ್ಲ, ಬಿಸಿಲಲ್ಲಿ ಇಟ್ಟಿದ್ದು ಒಳಗೆ ಹೋದ್ರೆ ದೀಪದ ಗೋಳ ಥರ ಹರಡತ್ತೆ.

ಮನೇಲಿ ಮಾಡೋ ಅಭ್ಯಾಸ ಗುಂಡಿನ ಖರ್ಚಿಲ್ಲದ್ದು. ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಆಚೆ ಯಾರೂ ಇರದ ಗೋಡೆ ಕಡೆ ನಿಂತು ಲೈಟ್ ಸ್ವಿಚ್ ಒಂದನ್ನ ಗುರಿ ಮಾಡ್ಕೊಳ್ಳಿ. ಕಣ್ಣು ಮುಚ್ಚಿ ರೈಫಲ್ ಹೆಗಲಿಗೆ ತನ್ನಿ, ಕೆನ್ನೆ ಊರಿ, ಕಣ್ಣು ಬಿಡಿ. ಚುಕ್ಕಿ ಗಾಜಲ್ಲಿ ಇರ್ಬೇಕು. ಇಲ್ದೆ ಹೋದ್ರೆ ತಲೆ ಆಡ್ಸಿ ಹುಡುಕ್ಬೇಡಿ, ರೈಫಲ್ ಇಳಿಸಿ ಮೊದಲಿಂದ. ಮೇಲಿಂದ ಮೇಲೆ ಕಾಣ್ತಿಲ್ಲ ಅಂದ್ರೆ ಮೌಂಟ್ ಎತ್ತರಾನೇ ಸರಿಯಿಲ್ಲ ಅಂತ.

ಗಾಜನ್ನ ಶರ್ಟ್ ತುದಿಲಿ ಒರೆಸ್ಬೇಡಿ, ಮೊದ್ಲು ಊದೋ ರಬ್ಬರ್ ಬಲ್ಬಲ್ಲಿ ಧೂಳು ಹಾರ್ಸಿ, ಆಮೇಲೆ ಮೈಕ್ರೋಫೈಬರ್. ಗನ್ ಕ್ಲೀನ್ ಮಾಡೋ ಎಣ್ಣೆ ಸ್ಪ್ರೇ ಹೊಡೆಯೋವಾಗ ಸೈಟ್ ಮುಚ್ಚಿ.

ಊರಿನ ವಿಚಾರ

ಸ್ಪರ್ಧೆಗೆ ಹೋಗೋರು ಒಂದು ತಿಳ್ಕೊಳ್ಳಿ, ಒಲಿಂಪಿಕ್ ಬಗೆಯ 10 ಮೀಟರ್ ಏರ್ ರೈಫಲಲ್ಲಿ ಇಂಥ ಸೈಟ್ ನಡಿಯಲ್ಲ, ಅಲ್ಲಿ ತೂತಿನ ಪೀಪ್ ಸೈಟೇ. ಬೆಂಗಳೂರಲ್ಲಿ ಮಗಳು ಶೂಟಿಂಗ್ ಕ್ಲಬ್ಬಿಗೆ ಸೇರಿದ್ದಾಳೆ, ಒಂದು ರೆಡ್ ಡಾಟ್ ಕೊಡ್ಸೋಣ ಅನ್ನೋರು ಆ ದುಡ್ಡಲ್ಲಿ ಏರ್ ರೈಫಲಿಗೆ ಹಾಕೋ ಪೆಲೆಟ್ ಕೊಡ್ಸಿ. ಅಮೆರಿಕಾದ ಸ್ಟೀಲ್ ಚಾಲೆಂಜ್ ಅನ್ನೋ ಸ್ಪರ್ಧೆಲಿ ಮಾತ್ರ .22 ರೈಫಲಿಗೆ ಇಂಥ ಗಾಜಿನ ಸೈಟ್ ಇರೋ ವಿಭಾಗಾನೇ ಬೇರೆ ಇದೆ, 10/22 ಜೊತೆ ರೆಡ್ ಡಾಟ್ ಹಾಕ್ಕೊಂಡು ಬರೋರೇ ಜಾಸ್ತಿ.

ಇಂಡಿಯಾದಲ್ಲಿ 20 ಜೌಲ್ ಒಳಗಿನ .177 ಏರ್ ರೈಫಲಿಗೆ ಲೈಸೆನ್ಸ್ ಬೇಡ, ಅದಕ್ಕೆ ಸುಮ್ನೆ ಮನೆ ಹಿಂದೆ ಡಬ್ಬ ಹೊಡೆಯೋಕೆ ರೆಡ್ ಡಾಟ್ ಹಾಕ್ಕೊಳ್ತೀನಿ ಅಂದ್ರೆ ಹಾಕ್ಕೊಳ್ಳಿ, ಆದ್ರೆ ಸ್ಪ್ರಿಂಗ್ ಪಿಸ್ಟನ್ ಏರ್ ಗನ್ ಒದೆತ ವಿಚಿತ್ರ, ಮೊದ್ಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಜಗ್ಗತ್ತೆ. ದೊಡ್ಡ ರೈಫಲ್ ಒದೆತ ತಡ್ಕೊಂಡ ಸೈಟೂ ಆ ಮುಂದಿನ ಜಗ್ಗಿಗೆ ಒಳಗಿಂದ ಕಳಚ್ಕೊಳ್ಳತ್ತೆ. ಏರ್‌ಗನ್ನಿಗೆ ಅಂತ ಬರೆದಿರೋದನ್ನೇ ತಗೊಳ್ಳಿ, ರೇಲ್ 11 ಮಿಲಿಮೀಟರ್ ಡವ್‌ಟೇಲ್ ಇರತ್ತೆ, ಮೌಂಟ್ ಹೊಂದತ್ತಾ ನೋಡಿ.

ಕೊಡಗಿನ ಸ್ನೇಹಿತರು ಕೇಳ್ತಿರ್ತಾರೆ, ಬರೋವಾಗ ನಮ್ಮ ಕೋವಿಗೆ ಒಂದು ತಗೊಂಡ್ಬಾ ಅಂತ. ಕೊಡವರಿಗೆ ಕೋವಿ ಲೈಸೆನ್ಸಿಂದ ಇರೋ ವಿನಾಯಿತಿನ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, ಕೈಲ್ ಪೊಳ್ದ್ ಹಬ್ಬದ ದಿನ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಸ್ಪರ್ಧೆಯೂ ನಡಿಯತ್ತೆ, ಅವರ ಆಸೆ ಸಹಜಾನೇ. ಆದ್ರೆ ಅಮೆರಿಕಾದ ಎಕ್ಸ್‌ಪೋರ್ಟ್ ಕಂಟ್ರೋಲ್ ಪಟ್ಟಿಲಿ ಗನ್ನಿನ ಆಪ್ಟಿಕಲ್ ಸೈಟುಗಳಿಗೆ ಅಂತಲೇ 0ಎ504 ಅನ್ನೋ ನಂಬರ್ ಇದೆ, ರಿಫ್ಲೆಕ್ಸ್ ಸೈಟೂ ಅದ್ರಲ್ಲೇ ಬರತ್ತೆ. ಸೂಟ್‌ಕೇಸಲ್ಲಿ ಚಾಕ್ಲೇಟ್ ಪ್ಯಾಕೆಟ್ಟಿನ ನಡುವೆ ಇಟ್ಕೊಂಡು ಹೋದ್ರೂ ಅದು ರಫ್ತೇ, ಲೈಸೆನ್ಸ್ ವಿಚಾರ ಇತ್ಯರ್ಥ ಆಗ್ದೆ ಒಯ್ಯೋ ಹಾಗಿಲ್ಲ, ಇಂಡಿಯಾ ಕಡೆ ಕಸ್ಟಮ್ಸ್ ಪ್ರಶ್ನೆ ಬೇರೆ. ಸ್ನೇಹಿತರು ಎಷ್ಟೇ ಒತ್ತಾಯ ಮಾಡಿದ್ರೂ ಆಗಲ್ಲ ಅಂದ್ಬಿಡಿ, ಬೇಕಾದ್ರೆ ಅಲ್ಲೇ ಊರಲ್ಲಿ ಬಿಲ್ ಕೊಡೋ ಡೀಲರ್ ಹತ್ರ ತಗೊಳ್ಳೋಕೆ ಹೇಳಿ.